ಮೂರನೇ ತಿರುವಿನ ಫೋಟೊ

ಫ್ಲ್ಯಾಶ್ ಹೊಳೆದದ್ದೂ ಮಾರ್ಲಾ ಗಾಳಿಗೆ ಹಾರಿ ಕಾಂಕ್ರೀಟಿನ ಮೇಲೆ ಧೊಪ್ಪನೆ ಬಿದ್ದದ್ದೂ ಒಟ್ಟಿಗೇ ಆಯಿತು. ಸೀಟಿ ಊದಿದರು. ಬಿದ್ದವಳು ಏಳಲಿಲ್ಲ. ಅಂಥ ಹೊತ್ತಿನಲ್ಲಿ ಎರಡೂ ತಂಡದವರು ಇದ್ದಲ್ಲೇ ಒಂದು ಮಂಡಿಯೂರಿ ಕೂರುವುದು ರೋಲರ್ ಡರ್ಬಿಯ ಪದ್ಧತಿ. ಈವರೆಗೆ ಚಕ್ರದ ಬೂಟಿನಲ್ಲಿ ಓಡುತ್ತ, ಒಬ್ಬರನ್ನೊಬ್ಬರು ಹೆಗಲಲ್ಲಿ ಗುಮ್ಮಿ ಕೆಡವುತ್ತಿದ್ದ ಹೆಂಗಸರೆಲ್ಲ ತಲೆ ತಗ್ಗಿಸಿ ಕೂತುಬಿಟ್ಟರು. ಮೂರನೇ ತಿರುವಿನ ಅಂಚಿನಲ್ಲಿ ಕ್ಯಾಮೆರಾ ಹಿಡಿದಿದ್ದ ಲೈಲ್‌ಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ.

ಔಷಧಿ ಅಂಗಡಿ ಮುಚ್ಚಿ ಮನೆಯಲ್ಲಿ ಕೂತ ಗಂಡನಿಗೆ ಹೆಂಡತಿ ಕ್ಯಾಮೆರಾ ಕೊಡಿಸಿದ್ದು, ವಯಸ್ಸಿಗೆ ತಕ್ಕಂತೆ ಹಕ್ಕಿಗಳ ಫೋಟೊ ತೆಗೆದುಕೊಂಡು ಇರಲಿ ಅಂತ. ಮಹಾರಾಯ ನಾಲ್ಕು ಬಾತುಕೋಳಿ ತೆಗೆದವನೇ ಬೇಸತ್ತು, ಡುಲುತ್ ಊರಿನ ಈ ಡರ್ಬಿ ಅಂಗಳಕ್ಕೆ ಬಂದು ಬಿದ್ದ. ಯಾರೂ ಕರೆದಿರಲಿಲ್ಲ. ಹಲ್ಲು ಕಚ್ಚಿ, ಬೆವರು ಚೆಲ್ಲುತ್ತ, ಗುಂಪು ಸೀಳಿಕೊಂಡು ನುಗ್ಗುವ ಆ ಮುಖಗಳನ್ನು ಹಿಡಿಯುವಾಗಿನ ಖುಷಿ ಅವನಿಗೆ ಬದುಕಿನಲ್ಲಿ ಬೇರೆಲ್ಲೂ ಸಿಕ್ಕಿರಲಿಲ್ಲ. ಆ ಖುಷಿಗೆ ಈಗ ಒಬ್ಬಳ ಪಕ್ಕೆಲುಬು ಮುರಿಯಿತೇನೋ.

"ನಿನ್ನ ಬೆಳಕು ಅವಳ ಕಣ್ಣಿಗೇ ಹೊಡೀತು, ಲೈಲ್," ಅಂದಳು ಪಟ್ಟೆ ಅಂಗಿಯ ರೆಫರಿ ಕೋರಾ. "ಅವಳನ್ನ ಒಂದ್ಮಾತು ಕೇಳ್ತೀನಿ. ಹೌದು ಅಂದ್ಲೋ, ಇನ್ಮೇಲೆ ನಿನ್ನ ಕ್ಯಾಮೆರಾ ಈ ಬಾಗಿಲು ದಾಟೋ ಹಾಗಿಲ್ಲ."

"ಅದಿರಲಿ. ಮೊದಲು ಅವಳು ಏಳಲಿ."

ಡಾಕ್ಟರು ಬಂದು ಪಕ್ಕೆ ಒತ್ತಿ, ಕತ್ತು ತಿರುಗಿಸಿ ನೋಡಿದ ಮೇಲೆ ಮಾರ್ಲಾ ಮೆಲ್ಲಗೆ ಎದ್ದಳು. ಮಂಡಿಯೂರಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಲೈಲ್‌ನ ಎದೆಯ ಭಾರ ಅರ್ಧ ಇಳಿಯಿತು. ಆದರೆ ಇಲ್ಲಿ ಫೋಟೊ ತೆಗೆಯುತ್ತ ಕಳೆಯುತ್ತಿದ್ದ ಶನಿವಾರಗಳೆಲ್ಲ ಇನ್ನು ಹೋದವು ಅನ್ನಿಸಿತು.

ವಿರಾಮದಲ್ಲಿ ಅವಳ ಬೆಂಚಿಗೆ ಹೋದ. ಪಕ್ಕೆಗೆ ಐಸು ಒತ್ತಿಕೊಂಡು ಕೂತಿದ್ದಳು. ಇಲ್ಲಿ ಎಲ್ಲರಿಗೂ ಒಂದೊಂದು ಕಾಳಗದ ಹೆಸರು. ಅವಳ ಬೆನ್ನ ಮೇಲೆ 'ಸುತ್ತಿಗೆ' ಎಂದಿತ್ತು. ಹೆದರಿಕೆ ಅಂದರೇನು ಅಂತ ಗೊತ್ತಿಲ್ಲದವಳು ಎಂದು ಊರೆಲ್ಲ ಹೊಗಳುತ್ತಿತ್ತು.

"ತಪ್ಪಾಯ್ತು ಕಣಮ್ಮ."

"ಅಳೋದು ಆಮೇಲೆ ತಾತ, ಮೊದಲು ಫೋಟೊ ತೋರ್ಸು. ಇಷ್ಟು ಪೆಟ್ಟು ತಿಂದು ಅದೂ ಮಸುಕಾಗಿದ್ರೆ ನಿನ್ನ ಸುಮ್ನೆ ಬಿಡಲ್ಲ."

ಆ ಸುತ್ತಿನಲ್ಲಿ ಲೈಲ್ ತೆಗೆದದ್ದು ಒಂದೇ ಫೋಟೊ. ಅವನೂ ಅದನ್ನು ಇನ್ನೂ ನೋಡಿರಲಿಲ್ಲ. ಪರದೆ ಬೆಳಗಿತು. ಅಷ್ಟು ಚೆಂದದ ಫೋಟೊ ಅವನು ಹಿಂದೆಂದೂ ತೆಗೆದಿರಲಿಲ್ಲ. ಎದುರಾಳಿಯ ಹೆಗಲು ಮಾರ್ಲಾಳ ಪಕ್ಕೆಗೆ ನಾಟಿತ್ತು, ಎರಡೂ ಪಾದ ಆಗಲೇ ನೆಲ ಬಿಟ್ಟಿದ್ದವು. ಮತ್ತೆ ಕಣ್ಣು? ಕಹಿ ಔಷಧಿ ಕುಡಿಸುವಾಗ ಮಕ್ಕಳು ಮುಚ್ಚುವ ಹಾಗೆ ಬಿಗಿಯಾಗಿ ಮುಚ್ಚಿದ್ದವು. ಬೆಳಕು ತಲುಪುವ ಮೊದಲೇ ಮುಚ್ಚಿದ್ದವು. ತನ್ನದೇನೂ ತಪ್ಪಿಲ್ಲ ಎಂದು ಲೈಲ್‌ಗೆ ಹೊಳೆಯಿತು.

ಮಾರ್ಲಾಳ ಮುಖ ಕೆಂಪಾಯಿತು. "ಇದನ್ನ ಯಾರಿಗೂ ತೋರಿಸ್ಬೇಡ ತಾತ. ಡಿಕ್ಕಿ ಹೊಡೀತಾರೆ ಅಂದ ತಕ್ಷಣ ನಂಗೆ ಜೀವ ಬಾಯಿಗೆ ಬರುತ್ತೆ. ಯಾವಾಗ್ಲೂ ಹೀಗೇ ಮುಚ್ಕೋತೀನಿ. ಯಾರಿಗೂ ಗೊತ್ತಿಲ್ಲ."

ಅಷ್ಟರಲ್ಲಿ ಕೋರಾ ಬಂದು ನಿಂತಳು. "ಏನಾಯ್ತು ಹೇಳು ಮಾರ್ಲಾ. ಅವನ ಬೆಳಕಾ?"

ಮಾರ್ಲಾ ನೆಲ ನೋಡಿದಳು. ಲೈಲ್ ಪರದೆ ಆರಿಸಿದ. "ಹೂಂ, ನಂದೇ ಬೆಳಕು," ಎಂದು ಕ್ಯಾಮೆರಾದ ಚೀಲ ಎತ್ತಿಕೊಂಡು ಹೊರಟ. ಎರಡು ಹೆಜ್ಜೆ ಹೋಗಿದ್ದನೋ ಇಲ್ಲವೋ, ಮಾರ್ಲಾ ಐಸು ಬಿಸಾಡಿ ಅವನ ಕೈಯಿಂದ ಕ್ಯಾಮೆರಾ ಕಿತ್ತುಕೊಂಡಳು.

"ಮುದುಕ ಸುಳ್ಳು ಹೇಳ್ತಿದ್ದಾನೆ. ನೋಡು ಕೋರಾ. ಸುತ್ತಿಗೆ ಹೆದರಿ ಕಣ್ಣು ಮುಚ್ಕೊಂಡಿದ್ದಾಳೆ. ನಗೋದಿದ್ರೆ ನಕ್ಕುಬಿಡು."

ಕೋರಾ ನಗಲಿಲ್ಲ. ಅವಳ ಹಿಂದಿನಿಂದ ಇಣುಕಿದ್ದು ಫಾರ್ಗೋ ತಂಡದ ಡೆನಿಸ್, ಮಾರ್ಲಾಳನ್ನು ಕೆಡವಿದವಳೇ. ಹೇಗಿದ್ದೀಯ ಎಂದು ಕೇಳಲು ಬಂದಿದ್ದಳು. ಫೋಟೊದ ಮೇಲೆ ಬೆರಳಿಟ್ಟಳು. "ಇದು ನಾನಲ್ವಾ? ಥೂ, ನಾನೂ ಮುಚ್ಕೊಂಡಿದ್ದೀನಲ್ಲ."

ನಿಜ. ಮುಖ ಕಿವುಚಿಕೊಂಡು ಅವಳೂ ಕಣ್ಣು ಮುಚ್ಚಿದ್ದಳು. ಮಾರ್ಲಾ ಒಂದು ಸಲ ಫೋಟೊ ನೋಡಿದಳು, ಒಂದು ಸಲ ಡೆನಿಸ್‌ಳನ್ನು ನೋಡಿದಳು, ಪಕ್ಕೆ ಹಿಡಿದುಕೊಂಡು ನಗತೊಡಗಿದಳು. ನೋವಿಗೆ ಅಯ್ಯೋ ಅನ್ನುವುದು, ಮತ್ತೆ ನಗುವುದು. ಡೆನಿಸ್ ಅವಳ ಪಕ್ಕದಲ್ಲೇ ಕುಸಿದು ಕೂತು ನಕ್ಕಳು.

"ಹೋಗು ಲೈಲ್, ನಿನ್ನ ಜಾಗದಲ್ಲಿ ಕೂತ್ಕೋ, ಆಟ ಶುರುವಾಗುತ್ತೆ," ಎಂದಳು ಕೋರಾ. ಲೈಲ್‌ಗೆ ಹೋದ ಜೀವ ಬಂದಂತಾಯಿತು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲೂ ಇಲ್ಲ.

"ಸದ್ಯ," ಎಂದಳು ಮಾರ್ಲಾ ನಗು ತಡೆದುಕೊಳ್ಳುತ್ತ. "ಹೊಡೆದವಳೂ ನೋಡ್ಲಿಲ್ಲ, ಬಿದ್ದವಳೂ ನೋಡ್ಲಿಲ್ಲ. ನೀನೊಬ್ಬನಾದ್ರೂ ಕಣ್ಬಿಟ್ಟು ನೋಡಿದ್ಯಲ್ಲ ತಾತ."

ಲೈಲ್ ಕ್ಯಾಮೆರಾ ಕತ್ತಿಗೆ ಹಾಕಿಕೊಂಡ.

"ನಾನೆಲ್ಲಿ ನೋಡ್ದೆ ಕಣಮ್ಮ. ಗುಂಡಿ ಒತ್ತಿದ ಆ ಕ್ಷಣ ನಾನು ಕಣ್ಣಿಡೋ ಈ ಕಿಂಡೀಲೂ ಕತ್ತಲೆನೇ."