ಐದನೆಯ ವಾಕ್ಯ

‘ಲುಕ್ ಆಫ್ಟರ್’ ಅಂದರೆ ನೋಡಿಕೊಳ್ಳುವುದು, ಆರೈಕೆ ಮಾಡುವುದು ಎಂದು ಹೆಂಗಸರ ತರಗತಿಯಲ್ಲಿ ವಿವರಿಸಿದ ಇಂಗ್ಲಿಷ್ ಮೇಡಂ, ಅದನ್ನು ಬಳಸಿ ಐದು ವಾಕ್ಯ ಬರೆಯಲು ಹೇಳಿದರು. ಅವರದು ಒಂದೇ ಕರಾರು: ಪುಸ್ತಕದ ವಾಕ್ಯ ಬೇಡ, ನಿಮ್ಮ ಮನೆಯದೇ ಆಗಬೇಕು, ನಿಜವಾಗಿರಬೇಕು. ಮನೆಯ ಮುಂದಿನ ಕೋಣೆಯಲ್ಲಿ ಹೋಟೆಲಿನ ಬಟ್ಟೆಗಳಿಗೆ ಇಸ್ತ್ರಿ ಮಾಡಿಕೊಡುವ ಅವಳು ನಾಲ್ಕನ್ನು ಒಂದೇ ಉಸಿರಿಗೆ ಬರೆದುಬಿಟ್ಟಳು. ನಾನು ಅತ್ತೆಯನ್ನು ನೋಡಿಕೊಳ್ಳುತ್ತೇನೆ, ಗಂಡನನ್ನು, ಮಗಳನ್ನು, ಊರಿಗೆ ಹೋದ ನಾದಿನಿಯ ಬೆಕ್ಕನ್ನು.

ಮೇಡಂ ನಾಲ್ಕಕ್ಕೂ ಸರಿ ಹಾಕಿದರು. ಐದನೆಯದು ಬೇರೆ ಥರ ಇರಲಿ, ನಿಮ್ಮನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಬರೆದು ತನ್ನಿ ಎಂದರು.

ಆ ಸಂಜೆ ಗಂಡನನ್ನು ಕೇಳಿದಳು. “ನಿನ್ನನ್ನ ನೋಡ್ಕೊಳ್ಳೋದೇನಿದೆ? ಗುಂಡುಕಲ್ಲಿನ ಹಾಗಿದ್ದೀಯ,” ಎಂದ ಸಾಕ್ಸ್ ಕಳಚುತ್ತ. ಅವನ ಪಾಲಿಗೆ ಅದು ಹೊಗಳಿಕೆ. ಅವಳೂ ನಕ್ಕಳು. ಆದರೆ ಮುಖ ತೊಳೆಯುವಾಗ, ಆ ಸಾಲು ಖಾಲಿಯೇ ಉಳಿದರೆ ಏನು ಗತಿ ಎಂದುಕೊಂಡಳು.

ಸೊಂಟದ ಮೂಳೆ ಮುರಿದ ಮೇಲೆ ಅತ್ತೆ ಯಾರಾದರೂ ಹಿಡಿದುಕೊಳ್ಳದೆ ಬಚ್ಚಲಿಗೂ ಹೋಗಲಾರರು. ಬೆಳಿಗ್ಗೆ ಹಾಸಿಗೆಯ ಮೇಲೆ ಅವರನ್ನು ಕೂರಿಸಿ ತಲೆ ಬಾಚುವಾಗ, ತಮಾಷೆಯೆಂಬಂತೆ ಐದನೆಯ ವಾಕ್ಯದ ಕಥೆ ಹೇಳಿದಳು.

“ನನ್ನನ್ನೇ ಬರ್ಕೋ,” ಎಂದರು ಅತ್ತೆ.

ಕೂತಲ್ಲಿಂದಲೇ ಅದು ಹೇಗೆ ನೋಡಿಕೊಳ್ಳುತ್ತೀರಿ ಎಂದು ಇವಳು ಕೆಣಕಿದಳು.

“ನಿನ್ನ ಕ್ಲಾಸಿರೋ ದಿನ ಮಧ್ಯಾಹ್ನದಿಂದ ನಾನು ನೀರು ಕುಡಿಯಲ್ಲ ಕಣೇ. ಕುಡಿದ್ರೆ ನೀನಿಲ್ಲದಾಗ ಬಚ್ಚಲಿಗೆ ಅವಸರ ಆಗುತ್ತೆ. ಒಂದು ಸಲ ಹಾಸಿಗೆ ಒದ್ದೆಯಾದ್ರೂ ನೀನು ಕ್ಲಾಸು ಬಿಟ್ಟುಬಿಡ್ತೀಯ. ನಿನ್ನ ಬುದ್ಧಿ ನನಗೆ ಗೊತ್ತಿಲ್ವಾ?”

ಬಾಚಣಿಗೆ ಕೂದಲಲ್ಲೇ ನಿಂತಿತು. ತಾನು ಕ್ಲಾಸಿಗೆ ಹೊರಡುವಾಗ ಮುಚ್ಚಿಟ್ಟ ನೀರಿನ ಲೋಟ ಸಂಜೆಯಾದರೂ ತುಂಬಿಯೇ ಇರುವುದನ್ನು ಕಂಡು, ಈ ಮುದುಕಿಯದು ಬರೀ ಹಟ ಎಂದು ಅವಳು ಅದೆಷ್ಟು ಸಲ ಗೊಣಗಿದ್ದಳೋ.

ಮುಂದಿನ ತರಗತಿಗೆ ಕಾಲು ಗಂಟೆ ತಡವಾಗಿ ಬಂದಳು. ಕೂರುವ ಮೊದಲೇ, ಎಲ್ಲರಿಗೂ ಕೇಳುವಂತೆ ಐದನೆಯ ವಾಕ್ಯ ಓದಿದಳು: ನನ್ನನ್ನು ನನ್ನ ಅತ್ತೆ ನೋಡಿಕೊಳ್ಳುತ್ತಾರೆ. ಇಂಗ್ಲಿಷು ಎಲ್ಲಿಯೂ ತಪ್ಪಿರಲಿಲ್ಲ. ಮೇಡಂ ತಲೆದೂಗಿ, ತಡ ಯಾಕಾಯಿತು ಎಂದು ಕೇಳಿದರು.

“ಅತ್ತೆ ನೀರು ಕುಡಿದು, ಬಚ್ಚಲಿಗೆ ಹೋಗಿ ಬರೋವರೆಗೂ ಕಾದೆ ಮೇಡಂ. ಇನ್ನು ಮೇಲೆ ಪ್ರತಿ ಸಲವೂ ಇಷ್ಟು ತಡ ಆಗುತ್ತೆ.”