ಯಾರ ಬರ ದೊಡ್ಡದು?

ನ್ಯೂ ಸೌತ್ ವೇಲ್ಸ್‌ನಲ್ಲಿ ಮಳೆ ಬಿದ್ದದ್ದಕ್ಕೆ ಇಡೀ ರಾಜ್ಯದಲ್ಲಿ ಬೇಜಾರು ಮಾಡಿಕೊಂಡವನು ಯತೀಶ್ ಒಬ್ಬನೇ ಇರಬೇಕು. ಸಿಡ್ನಿಯ ಅಂಚಿನ ಸ್ಕೋಫೀಲ್ಡ್ಸ್‌ನ ತನ್ನ ಹೊಸ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು, ಆ ಮಳೆಯನ್ನು ಮ್ಯಾಪಿನಲ್ಲಿ ಎಲ್ಲಿ ಅಡಗಿಸುವುದು ಎಂದು ಅವನು ಯೋಚಿಸುತ್ತಿದ್ದ. ಅಷ್ಟರಲ್ಲಿ ಮೆಲ್ಬರ್ನ್‌ನಿಂದ ಹೆಂಡತಿ ನಿವೇದಿತಾಳ ವೀಡಿಯೋ ಕಾಲ್ ಬಂತು.

"ರೀ, ನೀವು ಕಳಿಸಿದ ಮ್ಯಾಪ್ ನೋಡಿದೆ. ನಿಮ್ಮ ರಾಜ್ಯ ಪೂರಾ ಕಂದು, ನಮ್ಮ ವಿಕ್ಟೋರಿಯಾ ಹಚ್ಚ ಹಸರು. ಇಲ್ಲಿ ಕುರಿಗೋಳು ಹೊಲದಾಗ ಈಜಾಕತ್ತಾವೇನು?"

"ಡೇಟಾ ಹೇಳ್ತಿರೋದೇ ಹಾಗೆ," ಅಂದ ಯತೀಶ್. ಸುಳ್ಳು ಹೇಳಿದರೆ ಅವನ ಕಿವಿ ಕೆಂಪಾಗುತ್ತಿತ್ತು. ಅದನ್ನು ಮುಚ್ಚಲೆಂದೇ ದೊಡ್ಡ ಹೆಡ್‌ಫೋನ್ ಕೊಂಡಿದ್ದ.

ಇಬ್ಬರ ಕಂಪನಿ ಒಂದೇ, ಆಫೀಸು ಎರಡು. ಬೇಸಾಯದ ನೆಲದಲ್ಲಿ ತೇವ ಎಷ್ಟಿದೆ, ವಾಡಿಕೆಗಿಂತ ಎಷ್ಟು ಕಡಿಮೆ ಎಂದು ಸರ್ಕಾರಕ್ಕೆ ತೋರಿಸಿಕೊಡುವುದು ಅವರ ಕೆಲಸ. ಯಾವ ರಾಜ್ಯದಲ್ಲಿ ಬರ ಹೆಚ್ಚೋ ಅಲ್ಲಿನ ಆಫೀಸು ಉಳಿಯುತ್ತದೆ, ಇನ್ನೊಂದು ಮುಚ್ಚುತ್ತದೆ ಎಂದು ಮೇಲಿನವರು ಹೇಳಿಬಿಟ್ಟಿದ್ದರು. ಮದುವೆಯಾದಾಗಿನಿಂದ ವಿಮಾನದಲ್ಲೇ ಸಂಸಾರ ಮಾಡಿದವರಿಗೆ ಇದು ಒಳ್ಳೆಯ ಸುದ್ದಿಯೇ. ಇನ್ನಾದರೂ ಒಂದೇ ಸೂರಿನಡಿ ಇರಬಹುದು. ಆದರೆ ಯಾರ ಸೂರು? ಯತೀಶನಿಗೆ ಈ ಮನೆ ಮಾರುವುದೆಂದರೆ ಹಲ್ಲು ಕೀಳಿಸಿಕೊಂಡಂತೆ. ನಿವೇದಿತಾಳಿಗೆ, ರೈಲೂ ಅಂಗಡಿಯೂ ಕಾಲ್ನಡಿಗೆಯಲ್ಲೇ ಸಿಗುವ ಮೆಲ್ಬರ್ನ್‌ನ ತನ್ನ ಗ್ಲೆನ್ ವೇವರ್ಲಿ ಬಿಟ್ಟು, ಕೊತ್ತಂಬರಿ ಸೊಪ್ಪಿಗೂ ಕಾರು ತೆಗೆಯಬೇಕಾದ ಸಬರ್ಬಿಗೆ ಬರುವುದೆಂದರೆ ವನವಾಸ. ಹಾಗಾಗಿ ಇಬ್ಬರೂ ತಂತಮ್ಮ ರಾಜ್ಯಕ್ಕೇ ಬರ ಬರಲಿ ಎಂದು ದೇವರಿಗೆ ಕೈಮುಗಿಯತೊಡಗಿದ್ದರು. ಮದುವೆಯಾದ ಮೇಲೆ ಗೋತ್ರವೂ ಒಂದೇ ಆದ್ದರಿಂದ, ಯಾರ ಅರ್ಜಿ ಯಾವುದೆಂದು ದೇವರಿಗೂ ಗೊಂದಲವಾಗಿರಬೇಕು.

"ವಾಡಿಕಿ ಅಂತ ಯಾವ ವರ್ಷ ಹಿಡದೀರಿ?" ನಿವೇದಿತಾ ಬಿಡಲಿಲ್ಲ.

"ಅದು... ಇತ್ತೀಚಿನ ಕೆಲವು ವರ್ಷ."

"ನಿಮ್ಮ ಕಡೆ ಪ್ರವಾಹ ಬಂದ ವರ್ಷ ವಾಡಿಕಿ, ನಮ್ಮ ಕಡೆ ಹುಲ್ಲು ಸುಟ್ಟುಹೋದ ವರ್ಷ ವಾಡಿಕಿ! ಆ ಲೆಕ್ಕಕ್ಕ ನಿಮ್ಮಲ್ಲಿ ಕೆರಿ ತುಂಬಿದ್ರೂ ಬರ, ನಮ್ಮಲ್ಲಿ ಇಬ್ಬನಿ ಬಿದ್ರೂ ಸುಗ್ಗಿ. ನಾಚಿಕಿ ಬರಂಗಿಲ್ಲೇನ್ರೀ?"

"ನಂಗೊಬ್ಬನಿಗೇ ಬರ್ಬೇಕಾ? ನೀನು ಕಳಿಸಿರೋ ಡೇಟಾದಲ್ಲಿ ಮಳೆ ಬಂದ ವಾರಗಳೇ ಇಲ್ಲ."

"ಆವಾಗ ಹೊಲದಾಗಿನ ಸೆನ್ಸರ್ ಕೆಟ್ಟಿದ್ವು."

"ಎಲ್ಲಾ ಸೆನ್ಸರ್ರೂ? ಒಟ್ಟಿಗೆ? ಮಳೆ ಬಂದಾಗ ಮಾತ್ರ?"

"ನಮ್ಮ ಕಡೆ ಒಗ್ಗಟ್ಟು ಜಾಸ್ತಿ."

ಇಬ್ಬರೂ ನಕ್ಕರು. ನಗು ಮೊದಲು ನಿಂತದ್ದು ಯತೀಶನದು. "ನಿವಿ, ಮೇವಿನ ಟ್ರಕ್ ಎಲ್ಲಿಗೆ ಕಳಿಸ್ಬೇಕು ಅಂತ ಈ ಮ್ಯಾಪ್ ನೋಡಿನೇ ಡಿಸೈಡ್ ಮಾಡ್ತಾರೆ."

"ಗೊತ್ತದ." ಅವಳು ತನ್ನ ಲ್ಯಾಪ್‌ಟಾಪನ್ನು ಹತ್ತಿರ ಎಳೆದುಕೊಂಡಳು. "ನೆಟ್ಟಗ ಮಾಡೋಣು ಬರ್ರಿ. ಇಬ್ಬರಿಗೂ ಒಂದೇ ಮೂವತ್ತು ವರ್ಷದ ಸರಾಸರಿ, ಮಣ್ಣಿನ ತೇವ ಅಳಿಯೋದೂ ಒಂದೇ ಆಳಕ್ಕ. ನಾ ಮಳಿ ವಾಪಸ್ ಕೊಡ್ತೀನಿ, ನೀವು ಪ್ರವಾಹ ತೆಗೀರಿ. ಯಾರ ಕಡೆ ತೇವ ಹೆಚ್ಚು ಬರ್ತದೋ ಅವರು ಸಾಮಾನು ಕಟ್ಟೋದು."

"ಆಮೇಲೆ ಅಳಬಾರದು."

"ಅಳೋರು ಯಾರು ಅಂತ ನೋಡೋಣಂತ."

ಹೊಸ ಮ್ಯಾಪ್ ಪೂರ್ತಿ ತಯಾರಾಗುವ ಮೊದಲೇ ಆನ್‌ಲೈನ್ ಮೀಟಿಂಗ್ ಶುರುವಾಯಿತು. ಮ್ಯಾನೇಜರ್ ಇದ್ದರು, ಸರ್ಕಾರದ ಇಲಾಖೆಯವರು ಇದ್ದರು. ರೈತರ ಪರವಾಗಿ ಗ್ರೇಮ್ ಎಂಬ ಗೋಧಿ ಬೆಳೆಗಾರ ವಿಕ್ಟೋರಿಯಾದ ಪಶ್ಚಿಮದ ತನ್ನ ಶೆಡ್ಡಿನಿಂದ ಸೇರಿಕೊಂಡಿದ್ದ. ಲೆಕ್ಕ ಇನ್ನೂ ಓಡುತ್ತಿದ್ದ ಹೊಸ ಮ್ಯಾಪನ್ನೇ ಯತೀಶ್ ಸ್ಕ್ರೀನಿನಲ್ಲಿ ತೋರಿಸಿದ. ಮ್ಯಾಪ್ ಮೇಲಿನಿಂದ ಕೆಳಕ್ಕೆ, ಪರದೆ ಇಳಿಬಿಟ್ಟಂತೆ ಬಣ್ಣ ತುಂಬಿಕೊಳ್ಳುತ್ತಾ ಬಂತು. ಮೊದಲು ನ್ಯೂ ಸೌತ್ ವೇಲ್ಸ್: ಕಂದು, ಕಂದು, ನಡುವೆ ಅಲ್ಲಲ್ಲಿ ಹಸಿರು ತೇಪೆ. ಯತೀಶನಿಗೆ ಆ ಒಂದೊಂದು ತೇಪೆಯೂ ಮನೆಯ ಮುಂದೆ 'ಮಾರಾಟಕ್ಕಿದೆ' ಬೋರ್ಡು ನೆಟ್ಟಂತೆ ಕಂಡಿತು. ಬಣ್ಣ ಗಡಿ ದಾಟಿ ವಿಕ್ಟೋರಿಯಾಕ್ಕೆ ಇಳಿಯಿತು. ಕಂದು ಗಾಢವಾಯಿತು, ಇನ್ನೂ ಗಾಢವಾಯಿತು, ಪಶ್ಚಿಮದ ಗೋಧಿ ಹೊಲಗಳ ಮೇಲೆ ಸುಟ್ಟ ರೊಟ್ಟಿಯಂತೆ ಕಪ್ಪಾಗಿ ನಿಂತಿತು.

"ಯೆಸ್!"

ಕೂಗಿನ ಜೊತೆಗೆ ಒಂದು ಚಪ್ಪಾಳೆ. ನಿವೇದಿತಾ ಮೈಕ್ ಆರಿಸುವುದನ್ನು ಮರೆತಿದ್ದಳು. ಮ್ಯಾನೇಜರ್ ಕನ್ನಡಕ ತೆಗೆದರು. ಇಲಾಖೆಯವರು ಬರೆಯುವುದನ್ನು ನಿಲ್ಲಿಸಿದರು. ಎಲ್ಲ ಚೌಕಗಳಲ್ಲೂ ಮುಖಗಳು ಫೋಟೋಗಳಂತೆ ಕೂತವು.

"ಯಾರದು?" ಮ್ಯಾನೇಜರ್ ಕೇಳಿದರು.

"ಸಾರಿ, ನಾನೇ," ಅಂದುಬಿಟ್ಟ ಯತೀಶ್. ಕೂಗಿದ್ದು ಹೆಂಗಸಿನ ದನಿ ಎಂಬುದು ಅವನಿಗೆ ಹೊಳೆದದ್ದು ಆಮೇಲೆ. ನಿವೇದಿತಾಳ ಕ್ಯಾಮೆರಾ ಆರಿತು. ಅವಳಿದ್ದ ಜಾಗದಲ್ಲಿ ಹೆಸರಿನ ಮೊದಲ ಅಕ್ಷರ ಮಾತ್ರ ಉಳಿಯಿತು.

ಗ್ರೇಮ್ ಸಿಟ್ಟಾಗಲಿಲ್ಲ. ಟೋಪಿ ತೆಗೆದು ಮೇಜಿನ ಮೇಲಿಟ್ಟು, ತನ್ನ ಹೊಲವಿದ್ದ ಆ ಕಪ್ಪು ಮೂಲೆಯನ್ನು ಹತ್ತಿರದಿಂದ ನೋಡಲು ಮುಂದೆ ಬಾಗಿದ. ಆಮೇಲೆ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬ ದನಿಯಲ್ಲಿ ಯತೀಶನನ್ನು ಕೇಳಿದ:

"ಕಂಗ್ರಾಚುಲೇಶನ್ಸ್. ಏನು ಗೆದ್ದಿರಿ?"