ಬಾಳವ್ವನ ಮೇಲ್ಮನವಿ

ಊರಿನ ನೀರಿನ ಕವಾಟಗಳು ಗಂಡುದನಿಗೆ ಮಾತ್ರ ತೆರೆದುಕೊಳ್ಳುತ್ತಿದ್ದವು. ಸತ್ತ ಗಂಡನ ಜಾಗಕ್ಕೆ ನೀರಗಂಟಿಯಾಗಿ ಸೇರಿದ ಬಾಳವ್ವ ಮೊದಲ ವಾರದಲ್ಲೇ ದನಿ ದಪ್ಪ ಮಾಡಿ 'ತೆರಿ' ಅನ್ನುವುದನ್ನು ಕಲಿತಳು. ಹತ್ತೊಂಬತ್ತು ವರ್ಷ ಹಾಗೆಯೇ ಊರಿಗೆಲ್ಲ ನೀರು ಬಿಟ್ಟಳು. ಅವಳಿಂದ ಕೆಲಸ ಕಲಿತ ಗಂಡಸರೆಲ್ಲ ಮೇಸ್ತ್ರಿಗಳಾದರು, ಅವಳಾಗಲಿಲ್ಲ.

ನಗರಪಾಲಿಕೆಯ ಮೇಲೆ ದಾವೆ ಹೂಡಿದರೆ ನ್ಯಾಯಾಲಯ ವಜಾ ಮಾಡಿತು. ಕವಾಟಗಳ ದಾಖಲೆಯಲ್ಲಿ ಇರುವುದೆಲ್ಲ ಗಂಡುದನಿ, ಅಲ್ಲಿ ಹೆಂಗಸೊಬ್ಬಳು ದುಡಿದದ್ದಕ್ಕೇ ಪುರಾವೆಯಿಲ್ಲ, ಇನ್ನು ತಾರತಮ್ಯ ಎಲ್ಲಿಯದು ಎಂದಿತು.

ಇವತ್ತು ಮೇಲ್ಮನವಿಗೆ ಕೊನೆಯ ದಿನ. ಮನವಿಯನ್ನು ನ್ಯಾಯಾಲಯದ ಕಚೇರಿಯ ಕಿಟಕಿಯಲ್ಲಿದ್ದ ಪೆಟ್ಟಿಗೆಗೆ ಬಾಯಲ್ಲೇ ಹೇಳಬೇಕಿತ್ತು. ಹೇಳಿದವರು ಗಂಡೋ ಹೆಣ್ಣೋ ಎಂಬುದನ್ನೂ ಅದು ದನಿ ಕೇಳಿಯೇ ಬರೆದುಕೊಳ್ಳುತ್ತಿತ್ತು.

"ಬಾಳಕ್ಕಾ, ಈ ಪೆಟ್ಟಿಗಿ ಕವಾಟದಂಗ ಹಟಮಾರಿ ಅಲ್ಲ, ಹೆಂಗಸರ ಮಾತೂ ಕೇಳತೈತಿ," ಎಂದ ಗುಮಾಸ್ತ ಅಲ್ಲಾಬಕ್ಷ. "ನಿಮ್ಮ ದನ್ಯಾಗ ಹೇಳ್ರಿ. ಹೆಣ್ಣು ಅಂತ ಬರಕೊಂಡ್ರ ಕೇಸು ಮತ್ತ ನಿಂತಂಗ."

ಬಾಳವ್ವ ಗಂಟಲು ಸರಿಮಾಡಿಕೊಂಡಳು. ಮನೆಯಲ್ಲಿ ಮಾತಿಗೆ ಯಾರೂ ಇಲ್ಲದೆ ವರ್ಷಗಳಾಗಿದ್ದವು.

"ನನ್ನ ಹೆಸರು ಬಾಳವ್ವ."

ಪೆಟ್ಟಿಗೆಯ ಮೇಲೆ 'ಗಂಡು' ಎಂದು ಮೂಡಿತು.

"ಅಯ್ಯ, ಹಳೇ ಚಟ ನೋಡ್ರಿ!" ಅಲ್ಲಾಬಕ್ಷ ನಕ್ಕ. "ದನಿ ಒತ್ತಬ್ಯಾಡ್ರಿ. ಕೂಸಿಗೆ ಜೋಗುಳ ಹೇಳಿದಂಗ ಹೇಳ್ರಿ."

ಅವಳು ಮೆಲ್ಲಗೆ ಹೇಳಿದಳು. ಕಣ್ಣು ಮುಚ್ಚಿಕೊಂಡು ಇನ್ನೂ ಮೆಲ್ಲಗೆ ಹೇಳಿದಳು. ಎರಡು ಸಲವೂ 'ಗಂಡು' ಎಂದೇ ಬಂತು. ಅವನ ನಗು ನಿಂತಿತು.

"ಅಕ್ಕಾ, ಕಿಟಕಿ ಮುಚ್ಚೋ ಹೊತ್ತಾತು. ಆ ಗಂಡಸಿನ ದನಿ ಬಿಟ್ಟು ಮಾತಾಡ್ರಲ್ಲ."

"ಬಿಟ್ಟೇ ಮಾತಾಡಾಕತ್ತೇನಪಾ," ಎಂದಳು ಬಾಳವ್ವ.

ಪೆಟ್ಟಿಗೆ ಅದನ್ನೂ ಗಂಡೆಂದೇ ಬರೆದುಕೊಂಡಿತು.